ಬಿಟ್ಟದ್ದು ತಿಂದವಳು

“ನಾಲಿಗೆ ಕಟ್ಟಕ್ಕಾಗದೋರಿಗೆ ಯಾವ ಡಾಕ್ಟ್ರು ಏನ್ ಮಾಡ್ತಾನೆ? ಮುನ್ನೂರ ಎಂಬತ್ತು. ಇದು ಮೈಯಾ, ಆಲೆಮನೆಯಾ?”

ಚೆನ್ನರಾಯಪ್ಪ ರಕ್ತ ಪರೀಕ್ಷೆಯ ಚೀಟಿಯನ್ನು ಊಟದ ಮೇಜಿನ ಮೇಲೆ ಬಿಸಾಡಿದ. ಅದು ಜಾರಿ ಹೆಂಡತಿಯ ಕಾಲ ಹತ್ತಿರ ಬಿತ್ತು. ಅಮ್ಮಾಜಮ್ಮ ಬಗ್ಗಲಿಲ್ಲ. ಬಗ್ಗಿದರೆ ಮೊಣಕಾಲ ಕೆಳಗೆ ಆಗತಾನೇ ಕಟ್ಟಿಸಿಕೊಂಡು ಬಂದಿದ್ದ ಪಟ್ಟಿ ಎಳೆಯುತ್ತಿತ್ತು. ಅದೂ ಅಲ್ಲದೆ ನಲವತ್ತೊಂದು ವರ್ಷ ಈ ಮನೆಯಲ್ಲಿ ಬಿದ್ದಿದ್ದನ್ನೆಲ್ಲ ಎತ್ತಿದ್ದು ಸಾಕು ಅನ್ನಿಸಿತ್ತು.

“ನನ್ನ ನಾಲಿಗೆ ಏನು ತಿಂತು ಅಂತ ಕೇಳಿ, ಹೇಳ್ತೀನಿ,” ಎಂದಳು.

“ಕೇಳೋದೇನಿದೆ? ಅನ್ನ ಕಂಡ್ರೆ ಬಿಡಲ್ಲ, ಸ್ವೀಟ್ ಕಂಡ್ರೆ ಬಿಡಲ್ಲ. ಒಂಬತ್ತು ವರ್ಷದಿಂದ ನಾನು ಬೆಲ್ಲದ ಚೂರು ಮುಟ್ಟಿಲ್ಲ. ಅದೇ ಮನೆ, ಅದೇ ಒಲೆ. ನನಗೆ ನೂರಾ ಹತ್ತು, ನಿನಗೆ ಮುನ್ನೂರ ಎಂಬತ್ತು. ಯಾಕೆ, ನೀನೇ ಹೇಳು.”

ಯಾಕೆ ಎನ್ನುವುದು ಅಮ್ಮಾಜಮ್ಮನಿಗೆ ಆವತ್ತು ಬೆಳಿಗ್ಗೆ ಚಿಂತಾಮಣಿಯಲ್ಲಿ, ಡಾಕ್ಟರಮ್ಮನ ಮುಂದೆ ಕೂತಾಗ ಗೊತ್ತಾಗಿತ್ತು. ಅಲ್ಲಿಂದ ತಮ್ಮೂರು ಕೆಂಚಾರ್ಲಹಳ್ಳಿಯವರೆಗೂ ಬಸ್ಸಿನಲ್ಲಿ ಅದು ಅವಳ ಜೊತೆಯಲ್ಲೇ ಬಂದಿತ್ತು.

ಚೆನ್ನರಾಯಪ್ಪನಿಗೆ ಅರವತ್ತೆಂಟು. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ಊರೂರು ತಿರುಗಿ, ಹುಳಕ್ಕೆ ಯಾವ ಹೊತ್ತಿಗೆ ಎಷ್ಟು ಸೊಪ್ಪು, ಪೊರೆ ಬಿಡುವ ಯಾವ ಜ್ವರಕ್ಕೆ ಎಷ್ಟು ಸುಣ್ಣ ಎಂದು ರೈತರಿಗೆ ಹೇಳಿಕೊಟ್ಟವನು. ನಿವೃತ್ತನಾದ ವರ್ಷವೇ ಒಂದು ದಿನ ಕೆರೆ ಕಟ್ಟೆಯ ಮೇಲೆ ತಲೆ ಸುತ್ತಿ ಬಿದ್ದ. ಸಕ್ಕರೆ, ರಕ್ತದೊತ್ತಡ, ಎರಡೂ ಇತ್ತು. ಸಾವು ಒಂದು ಸಲ ಇಣುಕಿ ಹೋದ ಮೇಲೆ ಅವನು ಹುಳಕ್ಕೆ ಮಾಡಿದ್ದನ್ನು ತನಗೇ ಮಾಡಿಕೊಂಡ. ಒಂದು ದಪ್ಪ ಹಾಳೆಯ ಮೇಲೆ ಗೆರೆ ಎಳೆದು, ಚೌಕ ಮಾಡಿ, ಹೊತ್ತು ಬರೆದು, ಅಡಿಗೆಮನೆ ಗೋಡೆಗೆ ಅಂಟಿಸಿದ. ಐದಕ್ಕೆ ಜೀರಿಗೆ ನೀರು. ಐದೂವರೆಗೆ ವಾಕಿಂಗು. ಆರೂವರೆಗೆ ರಾಗಿ ಅಂಬಲಿ, ಉಪ್ಪಿಲ್ಲದ್ದು. ಏಳೂವರೆಗೆ ಮೊಳಕೆ ಕಾಳು. ಎಂಟೂಮುಕ್ಕಾಲಿಗೆ ನಾಲ್ಕು ಮೊಟ್ಟೆಯ ಬಿಳಿ ಭಾಗ. ಮಧ್ಯಾಹ್ನಕ್ಕೆ ತೂಕ ಮಾಡಿದ ಮುದ್ದೆ, ಒಗ್ಗರಣೆಯಿಲ್ಲದ ಸೊಪ್ಪಿನ ಸಾರು. ರಾತ್ರಿ ಏಳಕ್ಕೆ ನವಣೆ. ಆಮೇಲೆ ಲೋಟ ಹಾಲು, ಕೆನೆ ತೆಗೆದಿದ್ದು.

ಹೀಗೆ ಮಾಡಿ ಬದುಕಿಕೊಂಡ, ಅದರಲ್ಲಿ ಸುಳ್ಳಿಲ್ಲ. ಹೊಟ್ಟೆ ಇಳಿಯಿತು, ಬೆನ್ನು ನೆಟ್ಟಗಾಯಿತು. ಬೆಳಿಗ್ಗೆ ಬಿಳೀ ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ಬೀಸಾಗಿ ಹೋಗುತ್ತಿದ್ದರೆ ಹಿಂದೆ ಐದಾರು ಜನ ಮುದುಕರು ಏದುಸಿರು ಬಿಡುತ್ತಾ ಬರುತ್ತಿದ್ದರು. ಶಿಡ್ಲಘಟ್ಟದ ಹಿರಿಯರ ಸಂಘದವರು ಕರೆದು ಭಾಷಣ ಮಾಡಿಸಿದರು. ಗೌರಿಬಿದನೂರಿನಲ್ಲಿ ಶಾಲು ಹೊದಿಸಿದರು. ಶಾಲಿನ ಜೊತೆಗೆ ಒಂದು ಬುಟ್ಟಿ ಹಣ್ಣು, ಒಂದು ಡಬ್ಬಿ ಮೈಸೂರುಪಾಕು ಕೊಡುತ್ತಿದ್ದರು. ಶಾಲು ಬೀರುವಿಗೆ ಹೋಗುತ್ತಿತ್ತು. ಡಬ್ಬಿ ಅಡಿಗೆಮನೆಗೆ ಬರುತ್ತಿತ್ತು.

ಅಡಿಗೆಮನೆಯಲ್ಲಿ ಅಮ್ಮಾಜಮ್ಮ ಇದ್ದಳು. ದಿನಕ್ಕೆ ಮೂರು ಬಗೆ ಅಡಿಗೆ ಮಾಡಿ, ಗಂಡನಿಗೆ ಒಂದು, ಮಗ ಸೊಸೆಗೆ ಒಂದು, ಮಗ ರೇಷ್ಮೆ ಸಾಕುವ ಹುಳದ ಮನೆಯ ಆಳುಗಳಿಗೆ ಒಂದು, ಎಲ್ಲರದೂ ಆದ ಮೇಲೆ ಎರಡೂವರೆ ಮೂರಕ್ಕೆ ಏನು ಮಿಕ್ಕಿದೆಯೋ ಅದರ ಮುಂದೆ ಕೂರುತ್ತಿದ್ದಳು. ಅನ್ನ ಚೆಲ್ಲಬಾರದು ಎಂದು ಅವಳ ತಾಯಿ ಕೆನ್ನೆಗೆ ಹೊಡೆದು ಕಲಿಸಿದ್ದಳು. ಅವಳು ಚೆಲ್ಲಲಿಲ್ಲ. ಗಂಡ ಬಿಟ್ಟ ಕೆನೆ, ಗಂಡ ಬಿಟ್ಟ ಮೊಟ್ಟೆಯ ಹಳದಿ, ಗಂಡ ಮುಟ್ಟದ ಅನ್ನ, ಗಂಡನಿಗೆ ಆಗದ ಮಾವು, ಸಪೋಟ, ದ್ರಾಕ್ಷಿ, ಮದುವೆ ಮನೆಯ ಲಾಡು, ಸನ್ಮಾನದ ಮೈಸೂರುಪಾಕು. ಆಸೆಯಿಂದ ತಿಂದಳು ಎನ್ನುವುದಕ್ಕಿಂತ ಮುಗಿಸಿದಳು ಎನ್ನಬೇಕು, ಪಾತ್ರೆ ತೊಳೆದ ಹಾಗೆ.

ಎರಡು ತಿಂಗಳ ಹಿಂದೆ ತೋಟದಲ್ಲಿ ಹಿಪ್ಪುನೇರಳೆಯ ಕೊಯ್ದ ಕೂಳೆ ಚುಚ್ಚಿ ಕಾಲಿಗೆ ಗಾಯವಾಗಿತ್ತು. ಅರಿಶಿನ ಹಚ್ಚಿದಳು, ಬೇವು ಅರೆದು ಕಟ್ಟಿದಳು. ಮಾಯಲಿಲ್ಲ. ಚಿಂತಾಮಣಿಯ ಶಾಲೆಯಲ್ಲಿ ಟೀಚರಾಗಿದ್ದ ಸೊಸೆ ಯಾಮಿನಿ ಒಂದು ದಿನ ಪಟ್ಟಿ ಬಿಚ್ಚಿ ನೋಡಿ, ವಾಸನೆಗೆ ಮುಖ ತಿರುಗಿಸಿ, ರಜಾ ಹಾಕಿ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಸಮಾಧಾನಿ. ಏನೇನು ತಿಂತೀರಮ್ಮ, ಬೆಳಿಗ್ಗೆಯಿಂದ ಹೇಳಿ ಎಂದಳು. ಅಮ್ಮಾಜಮ್ಮ ಹೇಳಿದಳು. ಕೇಳುತ್ತಾ ಕೇಳುತ್ತಾ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. ದಿನಾ ನಾಲ್ಕು ಹಳದಿ ಯಾಕೆ, ಮೂರು ಗಂಟೆಗೆ ತಣ್ಣನೆ ಅನ್ನ ಯಾಕೆ, ಅಷ್ಟು ಸ್ವೀಟು ಯಾಕೆ ಎಂದು ಕೇಳಿದಳು. ನಮ್ಮನೆಯವರು ತಿನ್ನಲ್ಲಮ್ಮ, ಅವರಿಗೆ ಶುಗರ್ ಇದೆ, ಅದಕ್ಕೆ ನಾನು ತಿಂತೀನಿ, ಚೆಲ್ಲಕ್ಕಾಗುತ್ತಾ ಎಂದಳು ಅಮ್ಮಾಜಮ್ಮ. ಆ ಮಾತು ತನ್ನ ಬಾಯಿಂದ ಆಚೆ ಬಂದು ತನ್ನ ಕಿವಿಗೇ ಬಿದ್ದಾಗ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಪಕ್ಕದಲ್ಲಿ ಯಾಮಿನಿ ತಲೆ ತಗ್ಗಿಸಿದಳು.

“ಮಾತ್ರೆ ಅರ್ಧ ಕೆಲಸ ಮಾಡುತ್ತಮ್ಮ,” ಎಂದಿದ್ದಳು ಡಾಕ್ಟರಮ್ಮ. “ಉಳಿದರ್ಧ ನಿಮ್ಮ ತಟ್ಟೆ ಮಾಡಬೇಕು. ಹೊತ್ತಿಗೆ ಸರಿಯಾಗಿ ಊಟ, ಮುದ್ದೆ, ಸೊಪ್ಪು, ಕಾಳು, ಬೆಳಿಗ್ಗೆ ಒಂದು ಗಂಟೆ ನಡಿಗೆ. ಮೂರು ತಿಂಗಳು ನೋಡ್ತೀನಿ. ಹಿಂಗೇ ಬಿಟ್ರೆ ಕಾಲು ಉಳಿಯಲ್ಲ.”

ಗಂಡ ಒಂಬತ್ತು ವರ್ಷದಿಂದ ಮಾಡುತ್ತಿರುವುದೇ ಅದು. ಅದನ್ನು ಮಾಡಿಸುತ್ತಿರುವವಳು ತಾನು. ಬೇಳೆ ನೆನೆಸಿ, ಕಾಳು ಮೊಳಕೆ ಕಟ್ಟಿ, ರಾಗಿ ಸೋಸಿ, ತೂಕ ಮಾಡಿ ಬಡಿಸಿದ ಕೈ ತನ್ನದು. ಆ ಊಟ ಒಂದು ದಿನವೂ ತನ್ನ ತಟ್ಟೆಗೆ ಬಂದಿರಲಿಲ್ಲ.

ಇಷ್ಟನ್ನು ಹೊತ್ತುಕೊಂಡು ಬಂದವಳ ಮುಂದೆ ಚೆನ್ನರಾಯಪ್ಪ ನಾಲಿಗೆಯ ಮಾತಾಡುತ್ತಿದ್ದ. ಅವಳು ಕುರ್ಚಿ ಎಳೆದು ಕೂತಳು. ಅವನ ಎದುರಿಗೆ ಕೂತು ಕೊನೆಗೆ ಮಾತಾಡಿದ್ದು ಯಾವಾಗ ಎನ್ನುವುದು ಅವಳಿಗೆ ನೆನಪಿರಲಿಲ್ಲ.

ತನಗೆ ಬೇಕಾಗಿರುವುದು ಎರಡೇ ಎಂದಳು. ಬೆಳಿಗ್ಗೆ ಒಂದು ಗಂಟೆ. ಮತ್ತೆ, ಇಬ್ಬರಿಗೂ ಒಂದೇ ಪಾತ್ರೆಯ ಅಡಿಗೆ, ಒಂದೇ ಹೊತ್ತಿಗೆ.

ಚೆನ್ನರಾಯಪ್ಪ ನಕ್ಕ. ಬೆಳಿಗ್ಗೆ ಇವಳು ಕಟ್ಟೆ ಮೇಲೆ ಹೋದರೆ ಅಂಬಲಿ ಯಾರು ಕಾಸುತ್ತಾರೆ ಎಂದ. ಗಂಡಸರು ವಾಕಿಂಗ್ ಹೋಗುವ ಕಡೆ ಹೆಂಡತಿಯನ್ನು ಹಿಂದೆ ಕಟ್ಟಿಕೊಂಡು ಹೋದರೆ ಜನ ಏನಂತಾರೆ ಎಂದ. ಬೇಡ ಅಂದವರು ಯಾರು, ನಿನ್ನ ಪಾಡಿಗೆ ಮಾಡಿಕೋ, ನನ್ನ ಹೊತ್ತು ಮಾತ್ರ ತಪ್ಪಬಾರದು ಎಂದ.

ಹುಳದ ಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮಗ ಮೋಹನ್‌ಬಾಬು ಅಪ್ಪನ ಕಡೆ ಮಾತಾಡಿದ. “ಅಮ್ಮ, ಅಪ್ಪಂದು ಒಂಬತ್ತು ವರ್ಷದ ರೊಟೀನು. ಈಗ ಕೆಡಿಸಿದ್ರೆ ಹೆಚ್ಚುಕಮ್ಮಿ ಆಗುತ್ತೆ. ನೀನು ಬಿಡುವಾದಾಗ ನಡಿಯಮ್ಮ, ಯಾರು ಬೇಡ ಅಂತಾರೆ?”

“ಬಿಡುವು ಯಾವಾಗ ಅಂತ ಆ ಹಾಳೇಲಿ ನೋಡಿ ಹೇಳಪ್ಪ.”

ಮೋಹನ್‌ಬಾಬು ನಿಜವಾಗಿಯೂ ಗೋಡೆಯ ಕಡೆ ನೋಡಿದ. ಒಂದೊಂದೇ ಚೌಕ ನೋಡಿಕೊಂಡು ಕೆಳಗಿನವರೆಗೂ ಬಂದ. ಆಮೇಲೆ ಹುಳ ನಾಲ್ಕನೇ ಜ್ವರ ಎದ್ದಿದೆ, ಸೊಪ್ಪು ಹಾಕಬೇಕು ಎಂದು ಗೊಣಗಿ ಆಚೆಗೆ ಹೋದ.

ಆವತ್ತಿನ ಜಗಳ ಅಷ್ಟಕ್ಕೆ ನಿಂತಿತು. ಮುಗಿಯಲಿಲ್ಲ.

ಮಾರನೆಯ ದಿನ ಅಮ್ಮಾಜಮ್ಮ ನಾಲ್ಕಕ್ಕೆ ಎದ್ದು, ಅಡಿಗೆಮನೆ ಕೆಲಸ ಮುಗಿಸಿಕೊಂಡು ಮನೆ ಮುಂದಿನ ಅಂಗಳದಲ್ಲಿ ಸುತ್ತು ಹಾಕಿದಳು. ಹತ್ತು ಸುತ್ತು ಆಗುವಷ್ಟರಲ್ಲಿ ಒಳಗಿನಿಂದ ಜೀರಿಗೆ ನೀರಿನ ಕರೆ ಬಂತು. ಬುಧವಾರ ಯಾಮಿನಿ ತಾನೇ ಎದ್ದು ಮಾವನಿಗೆ ಅಂಬಲಿ ಕಾಸಿದಳು, ಅತ್ತೆ, ನೀವು ಹೋಗಿಬನ್ನಿ ಎಂದಳು. ಅಂಬಲಿಯಲ್ಲಿ ಗಂಟು ಇದೆ ಎಂದು ಚೆನ್ನರಾಯಪ್ಪ ಲೋಟವನ್ನು ಹಾಗೇ ತಳ್ಳಿದ, ಖಾಲಿ ಹೊಟ್ಟೆಯಲ್ಲಿ ಒಂಬತ್ತರವರೆಗೂ ಮುಖ ಊದಿಸಿಕೊಂಡು ಕೂತ. ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡ ಯಾಮಿನಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಗುರುವಾರ ಅಮ್ಮಾಜಮ್ಮ ನಾಲ್ಕು ಹಳದಿಯನ್ನು ಬೀದಿ ನಾಯಿಗೆ ಹಾಕಿದಳು. ಚೆನ್ನರಾಯಪ್ಪ ಕಿಟಕಿಯಿಂದ ನೋಡಿದ.

“ಏನೇ ಅದು, ದುಡ್ಡು ಕೊಟ್ಟು ತಂದಿದ್ದು ನಾಯಿಗೆ ಹಾಕ್ತೀಯಲ್ಲ. ತಿಂದ್ರೆ ಏನಾಗುತ್ತೆ?”

ಅವಳು ಅಳಬೇಕೋ ನಗಬೇಕೋ ತಿಳಿಯದೆ ನಾಯಿ ತಟ್ಟೆ ನೆಕ್ಕುವವರೆಗೂ ನಿಂತು ಒಳಗೆ ಬಂದಳು. ಶುಕ್ರವಾರ ಬೇರೆ ಮಾಡಿದಳು. ನಾಲ್ಕು ಬಿಳಿಯಲ್ಲಿ ಎರಡನ್ನು ಅವನ ತಟ್ಟೆಗೆ ಹಾಕಿ ಎರಡನ್ನು ತಾನು ತಿಂದಳು. ಒಲೆ ಪಕ್ಕ ನಿಂತುಕೊಂಡೇ, ಬಿಸಿಬಿಸಿಯಾಗಿ, ಮೆಣಸಿನ ಪುಡಿ ಉದುರಿಸಿಕೊಂಡು ತಿಂದಳು. ಚೆನ್ನರಾಯಪ್ಪ ತಟ್ಟೆಯನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿದ. ನಾಲ್ಕು ಇರಬೇಕಿತ್ತಲ್ಲ ಎಂದ. ಎರಡು ನನಗೆ ಎಂದಳು. ಶನಿವಾರ ಅವನು ಅಂಗಡಿಗೆ ಹೋಗಿ ಮೊಟ್ಟೆ ತಂದು, ಬೇಯಿಸುವ ಮುಂಚೆ ತಾನೇ ಬಂದು ಪಾತ್ರೆಯಲ್ಲಿ ನಾಲ್ಕು ಇಟ್ಟು ಹೋದ. ಐದನೆಯದನ್ನು ಇಡಲಿಲ್ಲ.

ಆ ದಿನ ಮಧ್ಯಾಹ್ನ ಅಮ್ಮಾಜಮ್ಮ ಮುರುಗಮಲ್ಲದಲ್ಲಿದ್ದ ತಂಗಿ ಶ್ಯಾಮಲಮ್ಮನಿಗೆ ಫೋನು ಮಾಡಿದಳು. ಗಂಡ ಸತ್ತ ಮೇಲೆ ಶ್ಯಾಮಲಮ್ಮ ದರ್ಗಾದ ರಸ್ತೆಯಲ್ಲಿ ಹೂವು, ಸಕ್ಕರೆ, ಊದುಬತ್ತಿ ಇಟ್ಟುಕೊಂಡು ಕೂತಿದ್ದಳು. ಒಂದು ಕೋಣೆ, ಒಂದು ಒಲೆ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ, ಅಳುವುದಕ್ಕೂ ಬಿಡದೆ, ತವರಿನ ತೆಲುಗಿನಲ್ಲಿ “ಒಚ್ಚೆಯ್ ಅಕ್ಕಾ” ಎಂದಳು, ಬಂದುಬಿಡು ಎಂದು. ಅರವತ್ತೆರಡು ವರ್ಷದ ಹೆಂಗಸು ಮೊಟ್ಟೆಗಾಗಿ ಮನೆ ಬಿಟ್ಟಳು ಎಂದು ಊರು ನಗುವುದಿಲ್ಲವೇ ಎಂಬ ಯೋಚನೆ ಅಮ್ಮಾಜಮ್ಮನಿಗೆ ಬಂತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಶಿಡ್ಲಘಟ್ಟದಿಂದ ಜಗನ್ ಎಂಬ ಯುವಕ ಬಂದ. ಊರೂರಿನ ಹಿರಿಯರನ್ನು ಮಾತಾಡಿಸಿ ಫೋನಿನಲ್ಲಿ ವಿಡಿಯೋ ಮಾಡಿ ಹಾಕುವುದು ಅವನ ಕೆಲಸ. ಅರವತ್ತೆಂಟರ ಹರೆಯದ ಗುಟ್ಟು ಎಂದು ಹೆಸರೂ ಇಟ್ಟುಕೊಂಡು ಬಂದಿದ್ದ. ಚೆನ್ನರಾಯಪ್ಪ ಇಸ್ತ್ರಿ ಮಾಡಿದ ಬಿಳೀ ಷರಟು ಹಾಕಿಕೊಂಡು ಅಂಗಳದಲ್ಲಿ ಬಗ್ಗಿ ಕಾಲ್ಬೆರಳು ಮುಟ್ಟಿ ತೋರಿಸಿದ. ಮೊಳಕೆ ಕಾಳಿನ ಬಟ್ಟಲನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದ. ಆರೋಗ್ಯ ಎನ್ನುವುದು ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯ ಅಡಿಗೆಮನೆಯಲ್ಲಿದೆ ಎಂದ. ಎಲ್ಲಾ ತಾನೇ ನೆನೆಸಿ, ತಾನೇ ಬೇಯಿಸಿ, ತಾನೇ ಬಡಿಸಿಕೊಂಡ ಹಾಗೆ ಹೇಳುತ್ತಿದ್ದ. ಒಳಗೆ ಅಮ್ಮಾಜಮ್ಮ ಮುಂದಿನ ಬಟ್ಟಲು ತುಂಬುತ್ತಿದ್ದಳು.

ಜಗನ್ ಒಳ್ಳೆಯವನೇ. ಅಮ್ಮನವರದೂ ಎರಡು ಮಾತು ಇರಲಿ ಅಂಕಲ್ ಎಂದ. ಅಮ್ಮಾಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಗಂಡನ ಪಕ್ಕ ನಿಂತಳು. ನಿಜ ಹೇಳಬೇಕೆಂದರೆ ಆಗ ಅವಳ ಮನಸ್ಸಿನಲ್ಲಿ ಒಂದು ಆಸೆ ಇತ್ತು. ಇವಳಿಂದಲೇ ನಾನು ಬದುಕಿರೋದು ಎಂದು ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಅವಳು ಇನ್ನೂ ಹತ್ತು ವರ್ಷ ಅಂಬಲಿ ಕಾಸುತ್ತಿದ್ದಳೇನೋ. ಹೆಂಗಸರ ಸಿಟ್ಟನ್ನು ನಮ್ಮ ಕಡೆ ಅಷ್ಟು ಅಗ್ಗಕ್ಕೆ ಕೊಂಡುಕೊಳ್ಳಬಹುದು. ಅವನು ಅಷ್ಟನ್ನೂ ಕೊಡಲಿಲ್ಲ.

“ಶಿಸ್ತಿಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮನೇಲೇ ಇದೆ ಉದಾಹರಣೆ,” ಎಂದ ಚೆನ್ನರಾಯಪ್ಪ ಫೋನಿನ ಕಡೆಗೆ. “ಎಷ್ಟು ಹೇಳಿದ್ರೂ ಕೇಳಲಿಲ್ಲ. ನಾಲಿಗೆ ರುಚಿ. ಈಗ ನೋಡಿ, ಕಾಲು ಹೆಂಗಾಗಿದೆ.” ಎಂದವನೇ, ಭಾಷಣದ ಭರದಲ್ಲಿ, ಬಗ್ಗಿ ಅವಳ ಸೀರೆಯ ಅಂಚನ್ನು ಒಂದು ಗೇಣು ಎತ್ತಿ ಪಟ್ಟಿ ತೋರಿಸಿದ. ಹುಳದ ಮನೆಗಳಲ್ಲಿ ರೋಗದ ಹುಳವನ್ನು ಕಡ್ಡಿಯಿಂದ ಎತ್ತಿ ರೈತರಿಗೆ ತೋರಿಸುತ್ತಿದ್ದನಲ್ಲ, ಹಾಗೇ.

ಅಮ್ಮಾಜಮ್ಮ ಅವನ ಕೈಯಿಂದ ಸೀರೆಯನ್ನು ಕಿತ್ತುಕೊಂಡಳು. ಕೂಗಲಿಲ್ಲ. ಜಗನ್‌ನನ್ನು ನೋಡಿಕೊಂಡೇ ಮಾತಾಡಿದಳು.

“ತಗೋ ಮಗ, ಇದನ್ನೂ ತಗೋ. ಹುಳ ತಿಂದು ಮಿಕ್ಕಿದ ಸೊಪ್ಪು, ಕಡ್ಡಿ ಹಸುವಿನ ಮುಂದೆ ಸುರೀತೀವಿ. ಒಂಬತ್ತು ವರ್ಷ ಇವನು ಬಿಟ್ಟಿದ್ದೆಲ್ಲ ಹಂಗೇ ನನ್ನ ಮುಂದೆ ಬಿತ್ತು. ಇವನ ಮೈಯಿಂದ ಇಳಿದಿದ್ದು ಎಲ್ಲೂ ಹೋಗಿಲ್ಲ, ನನ್ನ ಮೈಗೆ ಹತ್ತಿದೆ. ತಿನ್ನು ಅಂತ ಇವನು ಹೇಳಲಿಲ್ಲ. ಬೇಡ ಅಂತಾನೂ ಹೇಳಲಿಲ್ಲ. ಹಸುಗಾದ್ರೂ ಕೊರಳಿಗೆ ಹಗ್ಗ ಇರುತ್ತೆ. ನನಗೆ ಅದೂ ಇರಲಿಲ್ಲ, ನಿಂತು ತಿಂದೆ. ಅದು ನನ್ನ ತಪ್ಪು. ಅದೊಂದು ಹಾಕು ನಿನ್ನ ವಿಡಿಯೋದಲ್ಲಿ.”

ಜಗನ್ ಫೋನನ್ನು ನಿಧಾನವಾಗಿ ಕೆಳಗಿಳಿಸಿದ. ಚೆನ್ನರಾಯಪ್ಪನ ಕಿವಿ ಕೆಂಪಗಾಗಿತ್ತು. ಗಂಟಲು ಸರಿಮಾಡಿಕೊಂಡು, ಅದನ್ನೆಲ್ಲ ತೆಗೆದುಬಿಡಿ, ಮೊಳಕೆ ಕಾಳಿನಿಂದ ಇನ್ನೊಂದು ಸಲ ತಗೊಳಣ ಎಂದ.

ಅವಳು ಒಳಗೆ ಹೋದಳು. ಒಲೆ ಆರಿಸಿದಳು. ಎರಡು ಸೀರೆ, ಮಾತ್ರೆಯ ಕವರು, ಗಾಯದ ಮುಲಾಮು, ಇಷ್ಟನ್ನು ಬಟ್ಟೆ ಚೀಲಕ್ಕೆ ತುರುಕಿದಳು. ಹಿತ್ತಿಲ ಬಾಗಿಲಿತ್ತು, ಆದರೂ ಮುಂಬಾಗಿಲಿಂದಲೇ ಬಂದಳು, ಅಂಗಳದ ನಡುವೆ, ಬಗ್ಗಿ ಕಾಲ್ಬೆರಳು ಮುಟ್ಟುತ್ತಿದ್ದ ಗಂಡನ ಮುಂದೆಯೇ. ಎಲ್ಲಿಗೆ ಎಂದು ಅವನು ತಲೆ ಎತ್ತದೆ ಕೇಳಿದ. ಅವಳು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದಳು. ಹಾಲಿನ ಡೈರಿಗಿರಬೇಕು ಎಂದುಕೊಂಡನೋ ಏನೋ, ಇನ್ನೆರಡು ಸಲ ಬಗ್ಗಿದ.

ಗೇಟಿನ ಹತ್ತಿರ ಯಾಮಿನಿ ಓಡಿಬಂದಳು. ಹೋಗಬೇಡಿ ಎನ್ನಲಿಲ್ಲ. ಆಸ್ಪತ್ರೆಯ ಫೈಲನ್ನು ಚೀಲದೊಳಗೆ ಇಟ್ಟು, ಮುಂದಿನ ತಿಂಗಳು ಹನ್ನೆರಡನೇ ತಾರೀಕು ತೋರಿಸಬೇಕು, ಚಿಂತಾಮಣಿ ಬಸ್‌ಸ್ಟ್ಯಾಂಡಲ್ಲಿ ನಾನು ಕಾಯ್ತಿರ್ತೀನಿ ಅತ್ತೆ ಎಂದಳು. ಅಮ್ಮಾಜಮ್ಮ ಅವಳ ಗಲ್ಲ ಮುಟ್ಟಿ ರಸ್ತೆಗೆ ಇಳಿದಳು.

ಊರು ದಾಟಿ ಅರ್ಧ ಮೈಲಿ ಹೋಗಿರಬೇಕು, ಹಿಂದಿನಿಂದ ಮೋಹನ್‌ಬಾಬುವಿನ ಬೈಕು ಬಂತು. ಅವನ ತೋಳಿಗೆ ಇನ್ನೂ ಹುಳದ ಮನೆಯ ಸುಣ್ಣ ಅಂಟಿಕೊಂಡಿತ್ತು.

“ಹತ್ತಮ್ಮ. ಏನಿದು, ಬೀದೀಲಿ ಜನ ನೋಡ್ತಾರೆ.”

“ನೋಡಲಿ ಬಿಡಪ್ಪ.”

“ಅಪ್ಪ ಕಾಯ್ತಿದಾರೆ. ಎಂಟೂವರೆ ಆಯ್ತು, ಇನ್ನೂ ಮೊಟ್ಟೆ ಇಟ್ಟಿಲ್ಲ.”

ಅವಳು ನಿಂತು ಮಗನ ಮುಖ ನೋಡಿದಳು. ಮೂವತ್ತೇಳು ವರ್ಷದವನು. ಹುಳ ಸೊಪ್ಪು ಬಿಟ್ಟಿತೆಂದರೆ ನಿದ್ದೆ ಬಿಡುವವನು, ಒಂದೊಂದು ಹುಳದ ತಟ್ಟೆಗೂ ಮೂಗು ತಾಗಿಸಿ ನೋಡುವವನು.

“ನೀರು ಕುದಿಯೋಕಿಟ್ಟು ಹತ್ತು ನಿಮಿಷ ಬಿಡಬೇಕು. ಹೋಗಿ ಅವನಿಗೆ ಹೇಳು,” ಎಂದು ನಡೆದಳು.

ಬೈಕು ಸ್ವಲ್ಪ ದೂರ ಅವಳ ಪಕ್ಕದಲ್ಲೇ ಗುರುಗುಟ್ಟುತ್ತಾ ಬಂತು. ಆಮೇಲೆ ನಿಂತಿತು. ಆಮೇಲೆ ತಿರುಗಿ ಹೋದ ಸದ್ದು ಕೇಳಿಸಿತು. ಮುಂದೆ ಅವನು ಎರಡು ಸಲ, ಊರ ಹಿರಿಯರು ಒಂದು ಸಲ ಮುರುಗಮಲ್ಲಕ್ಕೆ ಹೋಗಿ ಕರೆದರು. ಅವಳು ಕೂರಿಸಿ, ಮಜ್ಜಿಗೆ ಕೊಟ್ಟು, ಕಳಿಸಿದಳು. ಬರಲಿಲ್ಲ.

ಆವತ್ತು ಬಿಸಿಲು ಇನ್ನೂ ಎಳೆಯದಿತ್ತು. ರಸ್ತೆಯ ಎರಡೂ ಕಡೆ ಯಾರೋ ರಾತ್ರಿ ನೀರು ಕಟ್ಟಿದ್ದ ಹೊಲಗಳಿಂದ ತಂಪು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಮುರುಗಮಲ್ಲದ ಬಸ್ಸು ಹಿಂದಿನಿಂದ ಹಾರ್ನು ಹಾಕಿಕೊಂಡು ಬಂದು ಅವಳ ಪಕ್ಕ ನಿಧಾನ ಮಾಡಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, ಬಾರಮ್ಮ, ಸೀಟಿದೆ ಎಂದು ಕರೆದ. ಅಮ್ಮಾಜಮ್ಮ ರಸ್ತೆಯ ಅಂಚಿಗೆ ಸರಿದು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಡಾಕ್ಟರಮ್ಮ ಹೇಳಿದ ಒಂದು ಗಂಟೆ ನಡಿಗೆ ಇನ್ನೂ ಆಗಿಲ್ಲಪ್ಪ, ನೀನು ಹೋಗು ಎಂದು ಕೈ ಬೀಸಿದಳು. ಬಸ್ಸು ಹೋಯಿತು. ಎದ್ದ ಧೂಳು ಇಳಿಯುವವರೆಗೆ ಒಂದು ಗಳಿಗೆ ನಿಂತು, ಮತ್ತೆ ನಡೆಯತೊಡಗಿದಳು.